ಮಾಲಕರು ಬರುವ ತನಕ

"ಹಿಂದ ಹಾಕ್ತೇನಿ ಅಂದ್ರ ಹಿಂದೇ ಹಾಕ್ತೇನ್ರಿ! ಮುಂದ ಬೇಕಾದ್ರ ಬ್ಯಾರೆ ದುಕಾನ್ ನೋಡ್ರಿ!"

ಟೈರಂಗಡಿಯ ಪಕ್ಕದ ಚಹಾದಂಗಡಿಯ ಬೆಂಚಿನ ಮೇಲೆ ಕೂತವರೆಲ್ಲ ಒಮ್ಮೆಲೇ ಇತ್ತ ತಿರುಗಿದರು. ಹುಮನಾಬಾದಿನ ಹೈವೇ ಮೇಲಿನ ಲಾರಿಗಳ ಸದ್ದನ್ನೂ ಮೀರಿಸಿತ್ತು ಆ ದನಿ!

ವಿಶಾಖಾಳಿಗೆ ಮೈಯೆಲ್ಲ ಉರಿದುಹೋಯಿತು.

ಬೆಳಿಗ್ಗೆಯೇ ಬಸವಕಲ್ಯಾಣದಿಂದ ಹೊರಟು ಬಂದವಳು ಅವಳು. ಮಳೆಗಾಲ ಇನ್ನೇನು ಬಾಗಿಲಿಗೆ ಬಂದಿತ್ತು. ಕಾರಿನ ಮುಂದಿನ ಎರಡು ಟೈರುಗಳು ಸವೆದು ಬೋಳಾಗಿದ್ದವು. ಎರಡು ಹೊಸವನ್ನು ಹಾಕಿಸಿ, ಗಾಲಿಗಳ ಅಲೈನ್‌ಮೆಂಟ್ ಮಾಡಿಸಿಕೊಂಡು ಮಧ್ಯಾಹ್ನದ ಕ್ಲಾಸಿಗೆ ವಾಪಸು ಹೋಗಬೇಕಿತ್ತು. ಇಷ್ಟು ಸರಳ ಕೆಲಸಕ್ಕೆ ಈ ಮನುಷ್ಯ ಯಾಕೆ ಹೀಗೆ ಹಾರಾಡುತ್ತಿದ್ದಾನೆ?

"ಅಲ್ರೀ, ಸವದಾವು ಮುಂದಿನ್ವು. ಹೊಸಾವು ಹಿಂದ ಯಾಕ ಹಾಕ್ತೀರಿ? ಎಂಜಿನ್ ಇರೋದು ಮುಂದ, ಸ್ಟೇರಿಂಗ್ ತಿರುಗೋದು ಮುಂದ!"

"ಎಲ್ಲಾರೂ ಹಿಂಗೇ ಅಂತಾರ್ರಿ."

"ಎಲ್ಲಾರೂ ಅಂದ್ರ ಸುಳ್ಳಾಗ್ತದೇನು? ನಮ್ಮಪ್ಪ ಮೂವತ್ತು ವರ್ಷ ಗಾಡಿ ಹೊಡದಾನ. ಹೊಸಾ ಟಾಯರ್ ಯಾವಾಗ್ಲೂ ಮುಂದೇ ಹಾಕಸ್ತಿದ್ದ!"

"ಹಂಗಾದ್ರ ನಿಮ್ಮಪ್ಪಗ ಕರಕೊಂಡ ಬರ್ರಿ. ಅವ್ರ ಮುಂದೇ ಹೇಳ್ತೇನಿ!"

ವಿಶಾಖಾ ಕೈಯಲ್ಲಿದ್ದ ಕಾರಿನ ಕೀಲಿಯನ್ನೇ ನೋಡುತ್ತ ನಿಂತಳು.

"ಅಪ್ಪ ಇಲ್ರಿ," ಎಂದಳು ಕೊನೆಗೆ. "ತೀರಿಕೊಂಡು ಎರಡು ವರ್ಷ ಆಗಾಕ ಬಂತು."

ಅವನ ಕೈಯಲ್ಲಿದ್ದ, ಬೋಲ್ಟು ಬಿಚ್ಚುವ ಪಾನಾ ತಾನಾಗಿ ಕೆಳಗಿಳಿಯಿತು. ಎತ್ತರದ ಮೈಕಟ್ಟು, ಎಣ್ಣೆ ಮೆತ್ತಿದ ಅಂಗಿ, ಮೂರು ದಿನದ ಗಡ್ಡ. ಇಷ್ಟು ಹೊತ್ತು ಕೆಂಡದಂತಿದ್ದ ಕಣ್ಣುಗಳು ಈಗ ನೆಲ ನೋಡುತ್ತಿದ್ದವು.

"ಮಾಫ್ ಮಾಡ್ರಿ ಮೇಡಂ... ನಾ ಹಂಗ ಅನಬಾರದಿತ್ತು."

ಆಮೇಲೆ ಮೆಲ್ಲಗೆ, ಎಳೆಯ ಮಕ್ಕಳಿಗೆ ಹೇಳುವಂತೆ ಹೇಳಿದ.

"ಮಳಿಯೊಳಗ ಮುಂದಿನ ಗಾಲಿ ಜಾರಿದ್ರ ಸ್ಟೇರಿಂಗ್ ಹಗುರಾಗ್ತದ. ಕೈಗೆ ಗೊತ್ತಾಗ್ತದ, ಸ್ಪೀಡ್ ಇಳಸ್ತೀರಿ, ಉಳೀತೀರಿ. ಹಿಂದಿನ ಗಾಲಿ ಜಾರಿದ್ರ... ಯಾರಿಗೂ ಏನೂ ಗೊತ್ತಾಗಂಗಿಲ್ರಿ. ಗಾಡಿ ಬಾಲ ಬೀಸಿ ತಾನೇ ಹೊಳ್ಳಿಬಿಡ್ತದ. ಅದಕ್ಕ ಛಲೋ ಇದ್ದಾವು ಹಿಂದೇ ಇರಬೇಕು. ನಿಮ್ಮ ಹಿಂದಿನ್ವು ಇನ್ನಾ ಬರೊಬ್ಬರಿ ಅದಾವ, ಅವುನ್ನ ಮುಂದ ತರ್ತೇನಿ."

ಅವನ ಬೆರಳುಗಳು ನಡುಗುತ್ತಿದ್ದುದನ್ನು ವಿಶಾಖಾ ಗಮನಿಸಿದಳು. ಟೈರಿನ ಮಾತಿಗೆ ಇಷ್ಟು ನಡುಗುವುದುಂಟೇ?

ಒಳಗೆ ಸ್ಟೂಲಿನ ಮೇಲೆ ಕೂತಿದ್ದ ಬಿಳಿಗಡ್ಡದ ಮುಜಾಫರ್ ಉಸ್ತಾದರು ನಕ್ಕರು. ಅಂಗಡಿ ಮೊದಲು ಅವರದೇ. ಮೊಣಕಾಲು ನೋವು ಬಂದ ಮೇಲೆ ಈ ಶಿಷ್ಯ ಧಮ್ಮಪಾಲನ ಕೈಗೆ ಬಿಟ್ಟು, ದಿನವಿಡೀ ಕೂತು ಮಾತಾಡುವ ಕೆಲಸವನ್ನಷ್ಟೇ ತಾವು ಇಟ್ಟುಕೊಂಡಿದ್ದರು.

"ಬೇಟಿ, ಇವನ ಕೂಡ ಜಗಳ ಬ್ಯಾಡ. ಈ ರೋಡಿನ್ಯಾಗ ಇವನಿಗೆ ಉಲ್ಟಾ ಟಾಯರ್‌ವಾಲಾ ಅಂತಾರ. ಗಿರಾಕಿ ಎದ್ದು ಹೋದ್ರೂ ಹಟ ಬಿಡಂಗಿಲ್ಲ!"

ವಿಶಾಖಾ ಸುಮ್ಮನೆ ಕೀಲಿ ಕೊಟ್ಟಳು. ಹೊಸ ಟೈರುಗಳು ಹಿಂದಕ್ಕೇ ಹೋದವು.

ಕೆಲಸ ಮುಗಿದ ಮೇಲೆ ಅವನೇ ಕಾರನ್ನು ಓಡಿಸಿ ನೋಡಿ ಬಂದ. ಕೆಳಗಿಳಿದು ಕೇಳಿದ್ದು ಒಂದೇ ಮಾತು.

"ನೀವೂ ಹೊಡದು ನೋಡ್ರಿ. ಸ್ಟೇರಿಂಗ್ ಸೀದಾ ಅದೇನು?"

"ಸೀದಾ ಅದ," ಎಂದಳು. ಊರಿಗೆ ಹೋಗುವ ದಾರಿಯುದ್ದಕ್ಕೂ ಕಾರು ನೀರಿನ ಮೇಲಿನ ದೋಣಿಯಂತೆ ತೇಲಿತು. ಅವಳ ಮನಸ್ಸು ಮಾತ್ರ ಆ ನಡುಗುವ ಬೆರಳುಗಳ ಹತ್ತಿರವೇ ಉಳಿದುಬಿಟ್ಟಿತ್ತು...

*

ವಿಶಾಖಾಳ ಕೆಲಸವೇ ಅಂಥದ್ದು. ಬಸವಕಲ್ಯಾಣದಲ್ಲಿ ಹೆಂಗಸರಿಗೆ ಕಾರು ಕಲಿಸುತ್ತಾಳೆ. ಟೀಚರಮ್ಮ, ನರ್ಸಮ್ಮ, ಹೊಲಿಗೆಯ ಅಕ್ಬರಿ ಆಪಾ... ಬಂದವರೆಲ್ಲ ಮೊದಲ ತಿಂಗಳು ಕಾರನ್ನು ಕಲ್ಲಿಗೆ ಏರಿಸುತ್ತಾರೆ, ಗುಂಡಿಗೆ ಇಳಿಸುತ್ತಾರೆ. ಕಲಿಯುವವರ ಕಾರಿನ ಗಾಲಿ ತಿಂಗಳಿಗೊಮ್ಮೆಯಾದರೂ ಸೊಟ್ಟಗಾಗದೆ ಇರುತ್ತದೆಯೇ?

ಹೀಗೆ ತಿಂಗಳಿಗೊಮ್ಮೆ ಹುಮನಾಬಾದು. ತಿಂಗಳಿಗೊಮ್ಮೆ ಧಮ್ಮಪಾಲ.

ಎರಡನೇ ಸಲ ಹೋದಾಗ ಅಕ್ಬರಿ ಆಪಾ ಜೊತೆಗಿದ್ದಳು. ಧಮ್ಮಪಾಲ ಗಾಲಿ ಬಿಚ್ಚಿ, ಟೈರಿನ ಮೈಮೇಲೆ ಅಂಗೈ ಸವರಿದ. ನಾಡಿ ಹಿಡಿದ ವೈದ್ಯನಂತೆ ಕಣ್ಣು ಮುಚ್ಚಿದ.

"ಮೇಡಂ, ನಿಮ್ಮ ಕಲಿಯಾವರೊಳಗ ಯಾರೋ ಗಾಡಿ ನಿಂತಾಗೇ ಜೋರ್ ಮಾಡಿ ಸ್ಟೇರಿಂಗ್ ತಿರುವ್ಯಾರ. ಮತ್ತ ಎಡಕ್ಕ ಕಲ್ಲಿಗೆ ಏರಸ್ಯಾರ. ಒಂದಲ್ಲ, ಮೂರು ಸಲ."

"ಯಾ ಅಲ್ಲಾ!" ಅಕ್ಬರಿ ಆಪಾ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಟಾಯರ್ ಚಾಡಿ ಹೇಳ್ತದೇನು? ಮೂರಲ್ಲಪ್ಪಾ, ಎರಡೇ ಸಲ! ಮೂರನೇದು ಕಲ್ಲಲ್ಲ, ಭಜ್ಜಿ ಬಂಡಿ!"

ಧಮ್ಮಪಾಲ ನಕ್ಕ. ವಿಶಾಖಾ ಅವನ ನಗು ನೋಡಿದ್ದು ಅದೇ ಮೊದಲು. ಮೋಡದ ಮರೆಯಿಂದ ಒಮ್ಮೆ ಇಣುಕಿ ಹೋದ ಬಿಸಿಲಿನಂತೆ... ಬಂದಷ್ಟೇ ಬೇಗ ಹೋಯಿತು.

ಬ್ಯಾಲೆನ್ಸಿಂಗ್ ಮಷಿನ್ನಿನ ಮೇಲೆ ಗಾಲಿ ಗಿರಗಿರನೆ ತಿರುಗುವಾಗ ಅವಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಉಗುರಿನಷ್ಟು ಸೀಸದ ತುಣುಕೊಂದನ್ನು ಅವನು ರಿಮ್ಮಿನ ಅಂಚಿಗೆ ಬಡಿದು ಕೂರಿಸುತ್ತಿದ್ದ.

"ಇಷ್ಟು ಸಣ್ಣದು ಏನ್ ಮಾಡ್ತದ್ರಿ?"

"ಇಷ್ಟೇ ಹೆಚ್ಚುಕಮ್ಮಿ ಆದ್ರ ಎಂಬತ್ತರ ಸ್ಪೀಡಿನ್ಯಾಗ ಇಡೀ ಗಾಡಿ ನಡಗ್ತದ್ರಿ. ಒಂದು ಬಾಜೂಕ ಭಾರ ಅದ ಅಂದ್ರ ಅದನ್ನ ಕಿತ್ತಾಕ ಬರಂಗಿಲ್ಲ. ಎದುರ ಬಾಜೂಕ ಅಷ್ಟೇ ಭಾರ ಇಡಬೇಕು. ಆವಾಗ ಸಮಾಧಾನ ಆಗ್ತದ."

ಯಾರ ಬಗ್ಗೆ ಹೇಳುತ್ತಿದ್ದಾನೆ? ಗಾಲಿಯ ಬಗ್ಗೆಯೇ?... ಅವಳು ಕೇಳಲಿಲ್ಲ. ಕೆಳಗೆ ಬಿದ್ದಿದ್ದ ಒಂದು ಹಳೆಯ ತುಣುಕನ್ನು ಎತ್ತಿ ಮೆಲ್ಲಗೆ ಪರ್ಸಿಗೆ ಹಾಕಿಕೊಂಡಳು. ಅವನು ನೋಡಿದ. ನೋಡದವನಂತೆ ತಿರುಗಿಕೊಂಡ. ಕಿವಿಯ ತುದಿ ಮಾತ್ರ ಕೆಂಪಾಗಿತ್ತು!

ಇನ್ನೊಂದು ಸಂಗತಿಯನ್ನೂ ಅವಳು ಗಮನಿಸಿದ್ದಳು. ಕಾರು ಓಡಿಸಿ ನೋಡಲು ಅವನು ಯಾವಾಗಲೂ ಪಡುವಣಕ್ಕೇ ಹೋಗುತ್ತಿದ್ದ, ಸಸ್ತಾಪುರ ಬಂಗ್ಲಾ ಕಡೆಗೆ. ಮೂಡಣಕ್ಕೆ, ಮನ್ನಾಏಖೇಳ್ಳಿ ಕಡೆಗೆ, ಒಮ್ಮೆಯೂ ತಿರುಗಿಸುತ್ತಿರಲಿಲ್ಲ.

ಒಳ್ಳೆಯದೇ ಆಯಿತು ಎಂದುಕೊಂಡಿದ್ದಳು. ಅವಳೂ ಆ ರಸ್ತೆಗೆ ಹೋಗಿ ಎರಡು ವರ್ಷವಾಗಿತ್ತು.

ಶ್ರಾವಣ ಕಳೆಯಿತು, ದಸರೆ ಕಳೆಯಿತು. ಒಮ್ಮೆ ಅವಳು ಕ್ಲಾಸಿನ ಮೈದಾನಕ್ಕೆ ಹಳೆಯ ಟೈರುಗಳು ಬೇಕೆಂದಳು. ನೆಲದಲ್ಲಿ ಅರ್ಧ ಹೂತು ಸಾಲಾಗಿ ನಿಲ್ಲಿಸಿದರೆ ಹೆಂಗಸರು ಅವುಗಳ ನಡುವೆ ರಿವರ್ಸ್ ಕಲಿಯುತ್ತಾರೆ. ಧಮ್ಮಪಾಲ ನಾಲ್ಕನ್ನು ತೊಳೆದೇ ಕೊಟ್ಟ.

"ಆ ನೀಲಿ ತಾಡಪತ್ರಿ ಕೆಳಗ ಇನ್ನೆರಡು ಅದಾವಲ್ರಿ. ಅವೂ ಕೊಡ್ರಿ."

ಅವನ ಮುಖ ಚಕ್ಕನೆ ಬಾಡಿತು.

"ಅವು ಬ್ಯಾಡ್ರಿ. ಅವುಕ್ಕ ಮಾಲಕರು ಅದಾರ."

"ಮತ್ತ ಯಾಕ ಇಲ್ಲೇ ಬಿಟ್ಟಾರ?"

"ನಾಳಿಗೆ ಬಂದು ಒಯ್ತೇನಿ ಅಂದಿದ್ರು... ಬರ್ತಾರ. ಬರೋತನಕ ಇಟ್ಟುಕೊಳ್ಳೋದು ನನ್ನ ಕೆಲಸ."

ಗಿರಾಕಿಯ ಕಾರಿನಿಂದ ಬಿಚ್ಚಿದ ಟೈರು ಗಿರಾಕಿಯದೇ. ಅವನು ಬಂದು ಒಯ್ಯುವ ತನಕ ಅದರ ಮೇಲೆ ಹಳದಿ ಸೀಮೆಸುಣ್ಣದಿಂದ ಹೆಸರು ಬರೆದಿಡುವುದು ಆ ಅಂಗಡಿಯ ಪದ್ಧತಿ. ವಿಶಾಖಾ ಮತ್ತೆ ಕೇಳಲಿಲ್ಲ.

ದೀಪಾವಳಿ ಮುಗಿದ ವಾರ ಅವನೇ ಬಾಯಿ ಬಿಟ್ಟ. ಹೇಳಬೇಕಾದ್ದನ್ನು ಹೇಳಲು ಹತ್ತು ನಿಮಿಷ ಒಂದೇ ಬೋಲ್ಟನ್ನು ಒರೆಸಿದ!

"ವಿಶಾಖಾ ಅವ್ರೇ... ನಿಮ್ಮ ಗಾಡಿ ಕೆಡದಿದ್ರೂ ನೀವು ಬರಬೇಕು ಅಂತ ಅನಸ್ತದ್ರಿ."

"ಹೋದ ತಿಂಗಳು ಕೆಟ್ಟಿರಲಿಲ್ರಿ," ಎಂದಳು ಅವಳು, ತಲೆ ಎತ್ತದೆ. "ಸುಮ್ನೆ ಬಂದಿದ್ದೆ."

ಉಸ್ತಾದರು ಒಳಗಿನಿಂದ ಜೋರಾಗಿ ಕೆಮ್ಮಿದರು.

*

ಭಾನುವಾರ ಮಧ್ಯಾಹ್ನ. ಧಮ್ಮಪಾಲ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಸವಕಲ್ಯಾಣದ ಅವಳ ಮನೆಗೆ ಬಂದ. ವಿಶಾಖಾಳ ತಾಯಿ ಗಿರಿಜಾಬಾಯಿ ಶಾಲೆಯಲ್ಲಿ ಬಿಸಿಯೂಟ ಮಾಡುವವರು. ಇನ್ನೂರು ಮಕ್ಕಳಿಗೆ ಅಡುಗೆ ಮಾಡುವ ಕೈ ಅವತ್ತು ಒಬ್ಬನಿಗೆ ಮಾಡಲು ತಡವರಿಸಿತ್ತು.

"ಜೈ ಭೀಮ್ ಅವ್ವಾರ."

"ಜೈ ಭೀಮ್, ಬಾ ಯಪ್ಪಾ, ಕೂಡು. ಹುಮನಾಬಾದಿನವ್ರೇನು ನೀವು?"

"ಹೌದ್ರಿ. ಮೂಲ ನಿರ್ಣಾ. ಅಪ್ಪ ಅವ್ವ ಅಲ್ಲೇ ಅದಾರ, ಹೊಲದ ಕೆಲಸ."

"ನಮ್ದು ಮೋರಖಂಡಿ. ಇವರಪ್ಪ ಹೋದ ಮ್ಯಾಲ ಅಲ್ಲಿ ಇರೂಕ ಆಗಲಿಲ್ಲ, ಇಲ್ಲಿ ಬಂದ್ವಿ." ಆಕೆ ಒಳಗೆ ಮುಖ ಮಾಡಿ ಕೂಗಿದರು. "ಚಿಮಣೀ... ಚಾ ತರ್ತೀ ಏನವಾ?"

ಚಿಮಣಿ. ಗುಬ್ಬಿಗೆ ಆ ಕಡೆ ಮರಾಠಿಯಲ್ಲಿ ಹೇಳುವ ಹೆಸರು. ಅಪ್ಪ ಇಟ್ಟ ಮುದ್ದಿನ ಹೆಸರು ಅದು. ಹೊರಗಿನವರ ಮುಂದೆ ಕರೆದಳಲ್ಲಾ ಅವ್ವ ಎಂದು ನಾಚುತ್ತಲೇ ವಿಶಾಖಾ ಚಹಾದ ಕಪ್ಪು ಹಿಡಿದು ಬಂದಳು.

ಧಮ್ಮಪಾಲ ಅವಳನ್ನು ನೋಡುತ್ತಿರಲಿಲ್ಲ.

ಅವನ ಕಣ್ಣು ಗೋಡೆಯ ಮೇಲಿತ್ತು. ಬುದ್ಧನ ಪಟದ ಪಕ್ಕದಲ್ಲಿ ಅಪ್ಪನ ಫೋಟೋ. ಬಿಳಿ ಕಾರಿಗೆ ಒರಗಿ ನಿಂತು, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡು ನಗುತ್ತಿರುವ ಮಚ್ಚೇಂದ್ರ...

"ಇವ್ರು..."

"ಅಪ್ಪ," ಎಂದಳು ವಿಶಾಖಾ.

ಕಪ್ಪು ಅವನ ಕೈ ಸೇರಲೇ ಇಲ್ಲ. ನೆಲಕ್ಕೆ ಬಿದ್ದು ಒಡೆಯಿತು. ಬಿಸಿ ಚಹಾ ಪಾದದ ಮೇಲೆ ಚೆಲ್ಲಿದರೂ ಅವನಿಗೆ ಅರಿವಿರಲಿಲ್ಲ.

"ನಾ... ನಾ ಹೋಗ್ತೇನ್ರಿ."

"ಅಯ್ಯ, ಊಟ ಮಾಡ್ಕೊಂಡು..."

ಅವನು ಆಗಲೇ ಹೊಸ್ತಿಲು ದಾಟಿದ್ದ.

*

ಒಂದು ದಿನ, ಎರಡು ದಿನ, ಹತ್ತು ದಿನ... ಫೋನು ಎತ್ತಲಿಲ್ಲ. ಮೆಸೇಜಿಗೆ ಉತ್ತರವಿಲ್ಲ.

'ಏನು ತಪ್ಪಾಯಿತು?' ವಿಶಾಖಾ ತನ್ನನ್ನೇ ಕೇಳಿಕೊಂಡಳು. 'ತಗಡಿನ ಮನೆ ನೋಡಿದನೇ? ತಂದೆ ಇಲ್ಲದ ಹುಡುಗಿ, ಊರ ತುಂಬ ಕಾರು ಓಡಿಸಿಕೊಂಡು ತಿರುಗುತ್ತಾಳೆ ಎಂದು ಮನೆಯವರು ಏನಾದರೂ ಅಂದರೇ? ಅದಾದರೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ!'

ಅಕ್ಬರಿ ಆಪಾ ಗೇರ್ ಹಾಕುತ್ತ ಬೈದಳು. "ಬಿಡವಾ ಅವನಿಗೆ! ನಿನ್ನ ಕಣ್ಣಾಗ ನೀರು ಬಂದ್ರ ನನಗ ರೋಡು ಕಾಣಂಗಿಲ್ಲ!"

ಇಪ್ಪತ್ತೆರಡನೆಯ ದಿನ ಅವಳಿಗೆ ತಡೆಯಲಾಗಲಿಲ್ಲ. ಬೇಡವೆಂದರೆ ಬೇಡವೆನ್ನಲಿ. ಮುಖ ನೋಡಿ ಹೇಳಲಿ!

ಅಂಗಡಿಯಲ್ಲಿ ಉಸ್ತಾದರೊಬ್ಬರೇ ಇದ್ದರು. ಅವಳನ್ನು ಕಂಡು ಎಂದಿನಂತೆ ನಗಲಿಲ್ಲ.

"ಕೂಡು ಬೇಟಿ. ಏನೋ ಸಾಮಾನು ತರಾಕ ಹೋಗ್ಯಾನ, ಬರ್ತಾನ."

ಕೂರಲಾಗದೆ ಅವಳು ಹಿತ್ತಲ ಕಡೆ ನಡೆದಳು. ನೀಲಿ ತಾಡಪತ್ರಿ ಪಕ್ಕಕ್ಕೆ ಸರಿದಿತ್ತು. ಎರಡು ಬೋಳು ಟೈರುಗಳನ್ನು ತೊಳೆದು ಬಿಸಿಲಿಗೆ ನಿಲ್ಲಿಸಿದ್ದರು. ಕಪ್ಪು ರಬ್ಬರಿನ ಮೇಲೆ ಹಳದಿ ಸೀಮೆಸುಣ್ಣದ ಅಕ್ಷರ. ನಿನ್ನೆಯೋ ಮೊನ್ನೆಯೋ ಬರೆದಂತೆ ಹೊಸದು. ಅದರ ಕೆಳಗೆ ಮಾಸಿದ ಅದೇ ಅಕ್ಷರ, ಅದರ ಕೆಳಗೆ ಇನ್ನೂ ಮಾಸಿದ್ದು... ಅಳಿಸಿದಷ್ಟು ಸಲವೂ ಯಾರೋ ಮತ್ತೆ ಮತ್ತೆ ತಿದ್ದಿದ್ದರು.

ಮಚ್ಚೇಂದ್ರ ಕಾಕಾ, ಮೋರಖಂಡಿ.

ವಿಶಾಖಾ ಅಪ್ಪನ ಹೆಸರನ್ನು ಮತ್ತೊಮ್ಮೆ, ಅಕ್ಷರ ಅಕ್ಷರವಾಗಿ ಓದಿದಳು.

"ಅವತ್ತು ಹಾಕಿದವ ನಾನೇ ರೀ."

ಹಿಂದೆ ಧಮ್ಮಪಾಲ ನಿಂತಿದ್ದ. ಯಾವಾಗ ಬಂದನೋ! ಸೊರಗಿ ಅರ್ಧವಾಗಿದ್ದ.

"ಎರಡೇ ಟಾಯರ್ ಬೇಕಂದ್ರು. 'ಮುಂದ ಹಾಕು ತಮ್ಮಾ, ಸ್ಟೇರಿಂಗ್ ಇರೋದು ಮುಂದಲ್ಲ' ಅಂದ್ರು. ನಾನೂ ಹೌದಂದೆ. ಈ ರೋಡಿನ್ಯಾಗ ಎಲ್ಲಾರೂ ಹಂಗೇ ಹಾಕ್ತಿದ್ದಿವಿ, ಉಸ್ತಾದ್ರು ಕಲಿಸಿದ್ದೂ ಅದೇ. ಹಿಂದಿನ್ವು ಇವುಕ್ಕಿಂತ ಒಂದು ಗುಂಜಿ ಛಲೋ ಇದ್ವು, ಅಷ್ಟೇ. ತಾಸಿನ್ಯಾಗ ಸುದ್ದಿ ಬಂತು... ಮನ್ನಾಏಖೇಳ್ಳಿ ಹತ್ರ ಮಳಿಯೊಳಗ ಗಾಡಿ ಬಾಲ ಬೀಸಿ, ಹಳ್ಳದ ಪೂಲಿನ ಕಟ್ಟಿಗೆ ಹೊಡದದ ಅಂತ."

ಅವನು ಟೈರುಗಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

"ಆವಾಗ್ಲೂ ನನಗ ಗೊತ್ತಾಗಿರಲಿಲ್ರಿ! ಅವ್ರ ನಸೀಬು ಅಂದುಕೊಂಡೆ. ನಾಕು ತಿಂಗಳಿಗೆ ಟಾಯರ್ ಕೆಲಸದವರಿಗೆ ಒಂದು ತರಬೇತಿ ಇತ್ತು. ಅಲ್ಲಿ ವಿಡಿಯೋ ತೋರ್ಸಿದ್ರು. ಮುಂದ ಹೊಸಾವು, ಹಿಂದ ಬೋಳು, ನೆಲದ ಮ್ಯಾಲ ನೀರು... ಗಾಡಿ ಹ್ಯಾಂಗ ಬಾಲ ಬೀಸಿ ಹೊಳ್ತದ ಅಂತ. ನಾ ಹೊರಗ ಓಡಿ ವಾಂತಿ ಮಾಡ್ಕೊಂಡೆ."

"ಮೋರಖಂಡಿಗೆ ಬಂದಿರಲಿಲ್ಲೇನು?" ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು.

"ಬಂದಿದ್ದೆ. ನಿಮ್ಮೂರ ಬಾವಿತನಕ ಬಂದು ಹೊಳ್ಳಿ ಬಂದೆ. ಏನಂತ ಹೇಳ್ಲಿ? ನಿಮ್ಮ ಮನಿ ಯಜಮಾನರಿಗೆ ನಾ ಕೊಂದೇನಿ ಅಂತನಾ?"

ಲಾರಿಯೊಂದು ಹಾರ್ನ್ ಹಾಕುತ್ತ ಹಾದುಹೋಯಿತು. ವಿಶಾಖಾ ಬಗ್ಗಿ ಅಪ್ಪನ ಹೆಸರನ್ನು ಮುಟ್ಟಿದಳು. ಹಳದಿ ಪುಡಿ ಬೆರಳಿಗೆ ಹತ್ತಿತು.

ಎರಡು ವರ್ಷಗಳಿಂದ ಅವಳ ಎದೆಯಲ್ಲೂ ಒಂದು ಕಲ್ಲಿತ್ತು. ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ. ಅದನ್ನು ಕೇಳದೆ ಈಗ ಉಪಾಯವಿರಲಿಲ್ಲ.

"ಅಪ್ಪ ಇಲ್ಲಿದ್ದಾಗ... ಫೋನ್ ಬಂದಿತ್ತೇನು?"

ಧಮ್ಮಪಾಲ ಮುಖ ಪಕ್ಕಕ್ಕೆ ತಿರುಗಿಸಿದ.

"ಯಾವ ಫೋನ್? ಇಲ್ರಿ. ಯಾವ್ದೂ ಬಂದಿರಲಿಲ್ಲ."

"ಸುಳ್ಳು ಹೇಳ್ತೀರಿ! ನಮ್ಮಪ್ಪ ಯಾವಾಗ್ಲೂ ಸ್ಪೀಕರ್ ಇಟ್ಟೇ ಮಾತಾಡ್ತಿದ್ದ! ನೀವು ಕೇಳೀರಿ!"

ಅವನು ತಾಡಪತ್ರಿಯನ್ನು ಎಳೆದು ಮಡಚತೊಡಗಿದ. ಅವಳಿಗೆ ಅಷ್ಟೇ ಸಾಕಾಗಿತ್ತು.

ಅವನಿಗೆ ಗೊತ್ತಿತ್ತು! ತಪ್ಪೆಲ್ಲ ತನ್ನ ತಲೆಯ ಮೇಲೆ ಎಳೆದುಕೊಂಡು ಅದೊಂದನ್ನು ಮಾತ್ರ ಮುಚ್ಚಿಡುತ್ತಿದ್ದಾನೆ... ಅವಳಿಗಾಗಿ!

ವಿಶಾಖಾ ಕಾರಿನತ್ತ ಓಡಿದಳು. ಹಿಂದಿನಿಂದ ಉಸ್ತಾದರು ಕೂಗುತ್ತಿದ್ದರು. "ಸಾವಕಾಶ ಬೇಟಿ! ಸಾವಕಾಶ ಹೋಗು!"

*

ಸಂಜೆ ಗಿರಿಜಾಬಾಯಿ ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದರು. ಮಗಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದಳು. ಸೀಮೆಸುಣ್ಣದ ಹೆಸರು, ಮುಂದೆ ಹಾಕಿದ ಹೊಸ ಟೈರು... ಆಮೇಲೆ ಎರಡು ವರ್ಷ ಗಂಟಲಲ್ಲೇ ಉಳಿದಿದ್ದ ಮಾತು.

"ಅವ್ವಾ, ಅವತ್ತು ಅಪ್ಪಗ ಕರದವಳು ನಾ. ಹೈದರಾಬಾದಿನಿಂದ ಬರೂವಾಗ ಬಸ್ಸು ಮನ್ನಾಏಖೇಳ್ಳಿ ಹತ್ರ ಕೆಟ್ಟು ನಿಂತಿತ್ತು. ಇನ್ನೊಂದು ಬಸ್ಸು ತಾಸಿಗೆ ಇತ್ತು. ಕಾಯಬಹುದಿತ್ತು. ಮಳಿ ಬರಾಕತ್ತದ, ಲಗೂ ಬಾ ಅಂದೆ... ನಾ ಲಗೂ ಬಾ ಅಂದೆ ಅವ್ವಾ!"

ತಟ್ಟುವ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಇಬ್ಬರಿಗೂ ಅದನ್ನು ತೆಗೆಯುವ ಎಚ್ಚರವಿರಲಿಲ್ಲ.

"ನಾನೂ ಫೋನ್ ಮಾಡಿದ್ದೆ ಚಿಮಣಿ," ಎಂದರು ಗಿರಿಜಾಬಾಯಿ.

"ಏನು?"

"ನಿನ್ನ ಫೋನ್ ಬಂತಂತ ಅವರು ನನಗ ಹೇಳಿದ್ರು. ಗಾಡಿ ಹತ್ತೂ ಹೊತ್ತಿಗೆ ನಾ ಮತ್ತ ಮಾಡ್ದೆ. 'ಹೆಣ್ಣು ಹುಡುಗಿ ರೋಡಿನ್ಯಾಗ ಒಂದೇ ನಿಂತದ, ನೀವಿನ್ನಾ ಅಲ್ಲೇ ಚಾ ಕುಡ್ಯಾಕತ್ತೀರೇನು' ಅಂತ ಬೈದೆ." ಆಕೆ ಹಿಟ್ಟು ಮೆತ್ತಿದ ಕೈಯನ್ನೇ ನೋಡುತ್ತಿದ್ದರು. "ಬೈದದ್ದೇ ಕಡೀಮಾತಾತು ನೋಡು. ನಿನಗ ಹೇಳಿದ್ರ ನೀ ನನ್ನ ಮುಖ ನೋಡಂಗಿಲ್ಲ ಅಂತ ಸುಮ್ನಿದ್ದೆ."

ತಾಯಿ, ಮಗಳು, ಹುಮನಾಬಾದಿನಲ್ಲಿ ಅವನು. ಒಂದೇ ಕಲ್ಲನ್ನು ಮೂವರೂ ಬೇರೆ ಬೇರೆ ಹೊತ್ತು, ತಮ್ಮೊಬ್ಬರದೇ ಎಂದುಕೊಂಡಿದ್ದರಲ್ಲ!

ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಅಪ್ಪ ಹೋದ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತರು.

ಬಹಳ ಹೊತ್ತಿನ ಮೇಲೆ ಗಿರಿಜಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡರು. "ಎರಡು ವರ್ಷ ಅವರ ಹೆಸರು ಅಳಿಸದಂಗ ಇಟ್ಟಾನ. ನಾವು ಮೋರಖಂಡಿ ಮನೀಗೇ ಬೀಗ ಹಾಕಿ ಬಂದೀವಿ... ನಾಳೆ ಹೋಗು. ಉಪಾಸ ಇರ್ತಾನೋ ಏನೋ, ಎರಡು ರೊಟ್ಟಿ ಕಟ್ತೇನಿ."

*

ಬೆಳಗಿನ ಚಳಿ ಇನ್ನೂ ಇಳಿದಿರಲಿಲ್ಲ. ಧಮ್ಮಪಾಲ ಅಂಗಡಿಯ ಶಟರ್ ಎತ್ತುತ್ತಿದ್ದ. ಅವಳ ಕಾರು ನಿಂತದ್ದನ್ನು ಕಂಡು ಎತ್ತಿದ ಕೈ ಹಾಗೇ ನಿಂತಿತು.

ವಿಶಾಖಾ ಇಳಿದು ಎದುರಿಗೆ ಬಂದಳು. ಕಣ್ಣು ಬಾತಿದ್ದವು. ದನಿ ಗಟ್ಟಿಯಾಗಿತ್ತು.

"ಒಂದು ಮಾತು ಕೇಳ್ತೇನಿ. ನನ್ನ ಉಳಸಾಕ ಸುಳ್ಳು ಹೇಳಬ್ಯಾಡ್ರಿ. ನಾ ಕರದ ಮ್ಯಾಲ ಅಪ್ಪ ಏನಂದ? ಸಿಟ್ಟಾದ್ನಾ?"

ಅವನು ಶಟರ್ ಪೂರ್ತಿ ಎತ್ತಿ ಅವಳ ಕಡೆ ತಿರುಗಿದ.

"ಇಲ್ರಿ. ಹಿಂದಿನ ಟಾಯರ್ ಮುಂದಿನ ವಾರ ನೋಡೋಣ ಅಂತ ಅವ್ರು ಮೊದ್ಲೇ ಹೇಳಿದ್ರು. ನಿಮ್ಮ ಫೋನ್ ಬಂದಿದ್ದು ಆಮ್ಯಾಲ. ನೀವು ಕರೀಲಿಲ್ಲಂದ್ರೂ ಅವೇ ಗಾಲಿ ಮ್ಯಾಲೇ ಹೊಂಟಿದ್ರು. ಇದು ಖರೇ. ಲಗೂ ಹೋದದ್ದೂ ಖರೇ, ಮುಚ್ಚಿಡಂಗಿಲ್ಲ. ಅಲೈನ್‌ಮೆಂಟ್ ಅರ್ಧಕ್ಕೇ ಬಿಟ್ರು, ಟಾಯರ್ ನಾಳಿಗೆ ಒಯ್ತೇನಿ ಅಂದ್ರು."

"ಮತ್ತ?"

"ಚಾ ಕಪ್ಪು ಕೆಳಗಿಟ್ಟು ನಕ್ಕರ್ರಿ. 'ನನ್ನ ಚಿಮಣಿ ಕರಿಯಾಕತ್ತದ. ಅಕೀಗಿ ಗಾಡಿ ಛಲೋ ಬರ್ತದ ತಮ್ಮಾ, ನನಕಿಂತ ಛಲೋ. ಇವತ್ತು ಬರೂವಾಗ ಸ್ಟೇರಿಂಗ್ ಅಕೀ ಕೈಯಾಗ ಕೊಟ್ಟು ನಾ ಬಾಜೂಕ ಕೂಡಾಂವ. ಮನಿತನಕ ನಿದ್ದಿ ಹೊಡಿತೇನಿ' ಅಂದ್ರು. ಅವ್ರು ನನ್ನ ಮುಂದ ಅಂದ ಕಡೀಮಾತು ಅದೇ."

ವಿಶಾಖಾ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

ಬಾಜೂಕೆ ಕೂತು ನಿದ್ದೆ... ಅಪ್ಪಾ!

ಅವನು ಹತ್ತಿರ ಬರಲೂ ಹೆದರಿ ನಿಂತಿದ್ದ. ಅವಳೇ ಕಣ್ಣೊರೆಸಿಕೊಂಡು ತಲೆ ಎತ್ತಿದಳು.

"ಆ ಎರಡು ಟಾಯರ್ ತರ್ರಿ. ಮಾಲಕರು ಬಂದಾರ."

ಧಮ್ಮಪಾಲ ಎರಡನ್ನೂ ಒಂದೊಂದಾಗಿ ಹೊತ್ತು ತಂದು, ಹೆಸರು ಅಳಿಸದಂತೆ ಡಿಕ್ಕಿಯಲ್ಲಿ ಇಟ್ಟ. ಬಾಗಿಲು ಮುಚ್ಚಿ ಎರಡು ಹೆಜ್ಜೆ ಹಿಂದೆ ಸರಿದ.

"ನನ್ನ ಕೆಲಸ ಮುಗೀತ್ರಿ," ಎಂದ. ಮುಗುಳ್ನಗಲು ನೋಡಿದ, ಆಗಲಿಲ್ಲ. "ಮೈದಾನದಾಗ ಇಡ್ತೀರೇನು?"

"ಮೊದಲನೇ ಸಾಲಿಗೆ. ಅಕ್ಬರಿ ಆಪಾಗ ಹೇಳ್ತೇನಿ, ಅವೆರಡಕ್ಕ ಮಾತ್ರ ಗಾಡಿ ಹಚ್ಚಬ್ಯಾಡ ಅಂತ."

"ಛಲೋ ಆಯ್ತು..."

"ಟಾಯರ್ ಅಷ್ಟೇ ಒಯ್ಯಾಕ ಬಂದಿಲ್ರಿ ನಾ." ಅವಳು ಅವನ ಕಣ್ಣನ್ನೇ ನೋಡಿದಳು. "ಎರಡು ವರ್ಷ ಕಾಯ್ದವರಿಗೂ ಒಯ್ಯಾಕ ಬಂದೇನಿ. ಬರ್ತೀರೇನು?"

"ನಿಮ್ಮ ಅವ್ವಾರು..."

"ಅವ್ವ ರೊಟ್ಟಿ ಕಟ್ಟಿ ಕಳಸ್ಯಾಳ. ಇನ್ನೇನ್ ಹೇಳಬೇಕು?"

ಅಷ್ಟೂ ದಿನ ತಡೆಹಿಡಿದಿದ್ದ ಅಳು ಈಗ ಅವನಿಗೆ ಬಂತು. ಹೈವೇ ಬದಿಯಲ್ಲಿ, ಹಗಲು ಹೊತ್ತಿನಲ್ಲಿ, ಎಣ್ಣೆ ಮೆತ್ತಿದ ತೋಳಿಗೆ ಮುಖ ಒತ್ತಿಕೊಂಡು ಅತ್ತುಬಿಟ್ಟ. ವಿಶಾಖಾ ಆ ತೋಳನ್ನು ಹಿಡಿದು ನಿಂತಳು, ಅಳು ಮುಗಿಯುವ ತನಕ.

ಚಹಾದಂಗಡಿಯ ಬೆಂಚಿನ ಮೇಲೆ ಮುಜಾಫರ್ ಉಸ್ತಾದರು ಉಳಿದವರ ಕಡೆ ತಿರುಗಿ ಗದರಿದರು. "ಏನ್ ನೋಡಾಕತ್ತೀರಿ? ಚಾ ಕುಡೀರಿ!"

ಅವನು ಬಾಜೂಕಿನ ಸೀಟಿನಲ್ಲಿ ಕೂತ. ಅವಳು ಕಾರು ಶುರು ಮಾಡಿ ಮೂಡಣಕ್ಕೆ ತಿರುಗಿಸಿದಳು. ಮನ್ನಾಏಖೇಳ್ಳಿ ಕಡೆಗೆ. ಇಬ್ಬರೂ ಎರಡು ವರ್ಷ ಕಾಲಿಡದ ಆ ರಸ್ತೆ, ಎಳೆಬಿಸಿಲಿನಲ್ಲಿ ತೊಗರಿ ಹೊಲಗಳ ನಡುವೆ ಸುಮ್ಮನೆ ಮಲಗಿತ್ತು.

"ಆ ಪೂಲಿನ ಹತ್ರ ಒಂದು ಗಳಿಗಿ ನಿಲ್ಲೋಣ," ಎಂದಳು. "ಆಮ್ಯಾಲ ಮನಿಗೆ."

"ಹೂಂ..." ಅವನು ಮೆಲ್ಲಗೆ ಕೇಳಿದ. "ಸ್ಟೇರಿಂಗ್ ಸೀದಾ ಅದೇನ್ರಿ?"

"ಸೀದಾ ಅದ. ನನ್ನ ಕೈಯೇ ನಡಗಾಕತ್ತಾವ."

ಅವನು ಗೇರಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈ ಇಟ್ಟ.

"ಸಾವಕಾಶ ಹೋಗ್ರಿ."

"ಹೌದ್ರಿ," ಎಂದಳು ವಿಶಾಖಾ. "ಇವತ್ತು ಯಾರೂ ಲಗೂ ಬಾ ಅಂದಿಲ್ಲ."